ಸಿಗ್ಮಾ ಕ್ಸೈ ಚುನಾವಣೆಗೆ ನಿಲ್ಲಲೇ, ಬೇಡವೇ?

ಪ್ರಶ್ನೆ: ನಮಸ್ಕಾರ ಸರ್. ನಾನು ಅಮೆರಿಕದ ಮಧ್ಯಪಶ್ಚಿಮದ ಒಂದು ವಿಶ್ವವಿದ್ಯಾಲಯದಲ್ಲಿ ಸಸ್ಯರೋಗ ವಿಜ್ಞಾನದ ಅಸೋಸಿಯೇಟ್ ಪ್ರೊಫೆಸರ್. ಹುಟ್ಟಿದ್ದು ತೀರ್ಥಹಳ್ಳಿ ಕಡೆ. ಅಡಿಕೆಗೆ ಕೊಳೆರೋಗ ಬಂದ ವರ್ಷ ಮನೆ ಹೇಗಿರುತ್ತದೆ ಎಂದು ಚಿಕ್ಕಂದಿನಲ್ಲೇ ನೋಡಿ ಈ ವಿಷಯಕ್ಕೆ ಬಂದವಳು. ಟೆನ್ಯೂರ್ (ಕಾಯಂ ಹುದ್ದೆ) ಸಿಕ್ಕಿ ನಾಲ್ಕು ವರ್ಷವಾಯಿತು. ಸಿಗ್ಮಾ ಕ್ಸೈ ಎಂಬ ಸಂಶೋಧಕರ ಸಂಘದ ಇಲ್ಲಿನ ಚಾಪ್ಟರ್‌ಗೆ, ಅಂದರೆ ಸ್ಥಳೀಯ ಶಾಖೆಗೆ, ಎರಡು ವರ್ಷದಿಂದ ಕಾರ್ಯದರ್ಶಿ. ಈಗ ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು, ‘ಮುಂದಿನ ಚುನಾವಣೆಯಲ್ಲಿ ವಲಯದ ಡೈರೆಕ್ಟರ್ ಹುದ್ದೆಗೆ ನಿಲ್ಲು’ ಎಂದು ಬೆನ್ನು ಹತ್ತಿದ್ದಾರೆ. ನಮ್ಮ ಯಜಮಾನರು ‘ಊರಿಗೆ ಉಪಕಾರಿ, ಮನೆಗೆ ಮಾರಿ’ ಎಂದು ನಗುತ್ತಾರೆ. ಎರಡು ವರ್ಷದಲ್ಲಿ ಫುಲ್ ಪ್ರೊಫೆಸರ್ ಬಡ್ತಿಗೆ ಅರ್ಜಿ ಹಾಕಬೇಕು. ಈ ಹುದ್ದೆ ಅದಕ್ಕೆ ನೆರವಾಗುತ್ತದೆಯೋ, ಅಡ್ಡಿಯಾಗುತ್ತದೆಯೋ? ಇನ್ನೊಂದು ಮಾತು: ‘ನನ್ನನ್ನು ಆರಿಸಿ’ ಎಂದು ಕೇಳುವುದಕ್ಕೇ ನನಗೆ ನಾಚಿಕೆ. ಅಭ್ಯರ್ಥಿಯ ಸ್ಟೇಟ್‌ಮೆಂಟಿನ ಕರಡು ಜೊತೆಗಿಟ್ಟಿದ್ದೇನೆ, ದಯವಿಟ್ಟು ನೋಡಿ.

ಉತ್ತರ: ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. ನಿಲ್ಲಿ. ಆದರೆ ಈ ಸಲ ಡೈರೆಕ್ಟರ್ ಹುದ್ದೆಗೆ ಬೇಡ, ಅದೇ ವಲಯದ ಅಸೋಸಿಯೇಟ್ ಡೈರೆಕ್ಟರ್ ಹುದ್ದೆಗೆ ನಿಲ್ಲಿ. ಬಡ್ತಿಗೆ ಇದರಿಂದ ಒಂದು ಸಾಲಿನಷ್ಟು ಉಪಯೋಗವಿದೆ, ಒಂದು ಪುಟದಷ್ಟು ಇಲ್ಲ. ಕರಡನ್ನು ಹರಿದು ಹಾಕಿ. ಕಾರಣಗಳನ್ನು ಒಂದೊಂದಾಗಿ ಹೇಳುತ್ತೇನೆ. ನನ್ನ ಚಾಪ್ಟರ್‌ನಲ್ಲಿ ಖಜಾಂಚಿ, ಕಾರ್ಯದರ್ಶಿ, ಅಧ್ಯಕ್ಷ ಮೂರೂ ಆಗಿ, ಮೇಲಿನ ಹುದ್ದೆಗೆ ಒಮ್ಮೆ ಸೋತು ಒಮ್ಮೆ ಗೆದ್ದವನ ಮಾತು ಎಂದು ಓದಿಕೊಳ್ಳಿ.

ಊರಲ್ಲಿ ಕೂತು ಇದನ್ನು ಓದುವವರಿಗೆ ಸಿಗ್ಮಾ ಕ್ಸೈ ಎಂದರೇನು ಎಂದು ಎರಡು ಮಾತು. ಹೆಸರು ಎರಡು ಗ್ರೀಕ್ ಅಕ್ಷರ. ಅಮೆರಿಕದವರು ಎರಡನೆಯದನ್ನು ‘ಜೈ’ ಎನ್ನುತ್ತಾರೆ. ನಾನು ಮೊದಲ ಸಲ ಕೇಳಿದಾಗ ಯಾರೋ ಯಾರಿಗೋ ಜೈಕಾರ ಹಾಕುತ್ತಿದ್ದಾರೆ ಎಂದುಕೊಂಡಿದ್ದೆ. ಇದು ವೈಜ್ಞಾನಿಕ ಸಂಶೋಧನೆ ಮಾಡುವವರ ಗೌರವ ಸಂಘ. ಸ್ವಂತ ಸಂಶೋಧನೆ ಮಾಡಿ ತೋರಿಸಿದವರನ್ನು ಈಗಾಗಲೇ ಸದಸ್ಯರಾದವರು ಸೂಚಿಸಿ ಒಳಗೆ ಕರೆದುಕೊಳ್ಳುತ್ತಾರೆ. ಪ್ರಬಂಧ, ಪೇಟೆಂಟ್ ಇಂಥದ್ದನ್ನು ತೋರಿಸಬಲ್ಲವರಿಗೆ ಪೂರ್ಣ ಸದಸ್ಯತ್ವ. ಇನ್ನೂ ಓದುತ್ತಿದ್ದು ಸಂಶೋಧನೆಯಲ್ಲಿ ಕೈ ಪಳಗುತ್ತಿರುವ ವಿದ್ಯಾರ್ಥಿಗಳಿಗೆ ಅಸೋಸಿಯೇಟ್ ಸದಸ್ಯತ್ವ. ‘ಅಭಿನಂದನೆಗಳು, ನೀವು ಆಯ್ಕೆಯಾಗಿದ್ದೀರಿ, ಹಣ ಕಳಿಸಿ’ ಎಂದು ಇಮೇಲಿನಲ್ಲಿ ಬರುವ ಗೌರವಗಳ ಸಾಲಿಗೆ ಇದನ್ನು ಸೇರಿಸಬೇಡಿ. ಐನ್‌ಸ್ಟೈನ್, ಫರ್ಮಿ, ಬಾರ್ಬರಾ ಮೆಕ್‌ಕ್ಲಿಂಟಾಕ್ ಇವರೆಲ್ಲ ಇದರ ಸದಸ್ಯರು. ಸದಸ್ಯರಲ್ಲಿ ನೊಬೆಲ್ ಪಡೆದವರೇ ಇನ್ನೂರಕ್ಕಿಂತ ಹೆಚ್ಚು.

ಹಾಗೆಂದು ಇದು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯಂಥದ್ದೂ ಅಲ್ಲ. ಅಕಾಡೆಮಿಯ ಫೆಲೋ ಎಂದರೆ ದೇಶದಲ್ಲೇ ಎಣಿಸಿ ಆರಿಸಿದ ಕೆಲವರು. ಸಿಗ್ಮಾ ಕ್ಸೈ ಬಾಗಿಲು ಅದಕ್ಕಿಂತ ಎಷ್ಟೋ ಅಗಲ: ಪಿಎಚ್‌ಡಿ ಮಾಡುತ್ತಿರುವ ಹುಡುಗಿಯೂ ಅವಳ ಗೈಡೂ ಒಂದೇ ಸಂಜೆ ಒಂದೇ ಪುಸ್ತಕದಲ್ಲಿ ಸಹಿ ಹಾಕಬಹುದು. ಹುದ್ದೆಗಳ ವಿಷಯದಲ್ಲೂ ಅಜಗಜಾಂತರ. ಸಿ. ವಿ. ರಾಮನ್ 1934ರಲ್ಲಿ ಅಕಾಡೆಮಿ ಕಟ್ಟಿ, 1970ರಲ್ಲಿ ತೀರಿಕೊಳ್ಳುವವರೆಗೂ ತಾವೇ ಅಧ್ಯಕ್ಷರಾಗಿದ್ದರು. ಸಿಗ್ಮಾ ಕ್ಸೈ ಅಧ್ಯಕ್ಷರಿಗೆ ಸಿಗುವುದು ಒಂದೇ ವರ್ಷ. ಅದಕ್ಕೆ ಮುಂಚಿನ ವರ್ಷ ನಿಯೋಜಿತ ಅಧ್ಯಕ್ಷ, ಮರುವರ್ಷ ಮಾಜಿ ಅಧ್ಯಕ್ಷ, ಅಲ್ಲಿಗೆ ಮೂರು ವರ್ಷದ ಲೆಕ್ಕ ಮುಗಿಯಿತು. ಕುರ್ಚಿಗೆ ಅಂಟಿಕೊಳ್ಳುವ ಆಸೆ ಇದ್ದವರಿಗೆ ಇದು ಜಾಗವಲ್ಲ.

ಇದು ಹುಟ್ಟಿದ ಬಗೆ ಗೊತ್ತಿದ್ದರೆ ಹುದ್ದೆಯ ಬಗೆಯೂ ಅರ್ಥವಾಗುತ್ತದೆ. 1886, ಕಾರ್ನೆಲ್ ವಿಶ್ವವಿದ್ಯಾಲಯ. ಆಗ ಅಮೆರಿಕದ ಕಾಲೇಜುಗಳಲ್ಲಿ ಮರ್ಯಾದೆ ಇದ್ದ ಗೌರವ ಸಂಘ ಎಂದರೆ ಫೈ ಬೀಟಾ ಕಪ್ಪಾ, 1776ರಿಂದ ಇರುವಂಥದ್ದು. ಅದರ ಒಲವೆಲ್ಲ ಲ್ಯಾಟಿನ್, ಗ್ರೀಕ್, ಸಾಹಿತ್ಯ ಓದಿದವರ ಕಡೆಗೆ. ಯಂತ್ರ, ಕಲ್ಲು, ಕೀಟ ಎಂದು ಕೈ ಕೊಳೆ ಮಾಡಿಕೊಂಡವರನ್ನು ಕೇಳುವವರಿರಲಿಲ್ಲ. ಫ್ರಾಂಕ್ ವ್ಯಾನ್ ವ್ಲೆಕ್ ಎಂಬ ಕಿರಿಯ ಅಧ್ಯಾಪಕ, ಜೊತೆಗೆ ಎಂಜಿನಿಯರಿಂಗ್‌ನ ಕೆಲವು ಸ್ನಾತಕೋತ್ತರ ವಿದ್ಯಾರ್ಥಿಗಳು ‘ನಮ್ಮದೇ ಒಂದು ಮಾಡಿಕೊಳ್ಳೋಣ’ ಎಂದು ಹೊರಟರು. ಅಲ್ಲೇ ಇದ್ದ ಭೂವಿಜ್ಞಾನಿ ಹೆನ್ರಿ ಶೇಲರ್ ವಿಲಿಯಮ್ಸ್ ಅವರ ತಲೆಯಲ್ಲೂ ಇಂಥದ್ದೇ ಯೋಚನೆ ಇತ್ತು, ಅವರೂ ಸೇರಿಕೊಂಡರು. ‘ಉತ್ಸಾಹದ ಸಂಶೋಧನೆಯಲ್ಲಿ ಜೊತೆಗಾರರು’ ಎಂಬುದು ಅವರು ಇಟ್ಟುಕೊಂಡ ಧ್ಯೇಯವಾಕ್ಯ. ಎರಡೇ ವರ್ಷದಲ್ಲಿ, 1888ರಲ್ಲಿ, ಐವರು ಹೆಂಗಸರನ್ನು ಸದಸ್ಯರಾಗಿ ತೆಗೆದುಕೊಂಡರು. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. 1890ಕ್ಕೆಲ್ಲ ಕ್ಯಾನ್ಸಸ್‌ವರೆಗೆ ಚಾಪ್ಟರ್ ಹರಡಿತ್ತು.

ನೋಡಿ, ‘ಜೊತೆಗಾರರು’ ಎಂದರು. ಅಂದರೆ ಗೌರವ ಎನ್ನುವುದು ಸದಸ್ಯತ್ವದಲ್ಲೇ ಮುಗಿಯಿತು. ನಿಮಗೆ ಅದು ಆಗಲೇ ಬಂದಿದೆ. ಮೇಲಿನ ಹುದ್ದೆಗಳಲ್ಲಿ ಹೊಸದಾಗಿ ಸಿಗುವ ಗೌರವ ಏನೂ ಇಲ್ಲ, ಸಿಗುವುದೆಲ್ಲ ಕೆಲಸ. ಈ ಒಂದು ಮಾತು ಮನಸ್ಸಿಗೆ ಇಳಿದರೆ ನಿಮ್ಮ ಮೂರು ಪ್ರಶ್ನೆಗಳಲ್ಲಿ ಎರಡು ತಾವಾಗಿಯೇ ಕರಗುತ್ತವೆ.

ಏನು ಕೆಲಸ? ಸಂಘದ ಆಡಳಿತ ಮಂಡಳಿಯಲ್ಲಿ ಅಧ್ಯಕ್ಷರ ಸಾಲು, ಖಜಾಂಚಿ, ಆಮೇಲೆ ಡೈರೆಕ್ಟರುಗಳು. ಡೈರೆಕ್ಟರುಗಳಲ್ಲಿ ಕೆಲವರು ಭೂಗೋಳದ ವಲಯಗಳಿಂದ ಬರುತ್ತಾರೆ. ಇನ್ನು ಕೆಲವರು ಸಂಸ್ಥೆಯ ಬಗೆಯನ್ನು ನೋಡಿ ಬರುತ್ತಾರೆ: ದೊಡ್ಡ ಸಂಶೋಧನಾ ವಿಶ್ವವಿದ್ಯಾಲಯಗಳಿಗೆ ಒಬ್ಬರು, ಪದವಿ ಕಾಲೇಜುಗಳಿಗೆ ಒಬ್ಬರು, ಕೈಗಾರಿಕೆ ಮತ್ತು ಸರ್ಕಾರಿ ಪ್ರಯೋಗಾಲಯಗಳಿಗೆ ಒಬ್ಬರು, ಹೀಗೆ. ಡೈರೆಕ್ಟರ್ ಅವಧಿ ಮೂರು ವರ್ಷ, ಶುರುವಾಗುವುದು ಜುಲೈ 1ಕ್ಕೆ. ಚುನಾವಣೆ ಚಳಿಗಾಲದ ಮುಂಚೆ, ಸಾಮಾನ್ಯವಾಗಿ ನವೆಂಬರಿನಲ್ಲಿ. ಕೇಂದ್ರ ಕಚೇರಿ ನಾರ್ತ್ ಕ್ಯಾರೊಲೈನಾದ ರಿಸರ್ಚ್ ಟ್ರಯಾಂಗಲ್ ಪಾರ್ಕ್‌ನಲ್ಲಿ. ಇಷ್ಟು ಕಾಗದದ ಮೇಲೆ.

ನೆಲದ ಮೇಲೆ ಬೇರೆಯೇ. ಡೈರೆಕ್ಟರಿನ ದಿನಚರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ಕೆಲಸ: ಮಲಗಿದ ಚಾಪ್ಟರುಗಳನ್ನು ಎಬ್ಬಿಸುವುದು. ಒಂದು ಕಾಲಕ್ಕೆ ಐನೂರಕ್ಕೂ ಹೆಚ್ಚು ಚಾಪ್ಟರುಗಳಿದ್ದ ಸಂಘ ಇದು. ಆದರೆ ಚಾಪ್ಟರ್ ಎನ್ನುವುದು ಅಧ್ಯಾಪಕರ ಬಿಡುವಿನ ಮೇಲೆ ನಿಂತ ಗುಡಿಸಲು. ಉತ್ಸಾಹದ ಕಾರ್ಯದರ್ಶಿ ನಿವೃತ್ತರಾದರು ಎಂದಿಟ್ಟುಕೊಳ್ಳಿ. ಆ ವರ್ಷ ಹೊಸ ಸದಸ್ಯರನ್ನು ಯಾರೂ ಸೂಚಿಸುವುದಿಲ್ಲ. ಮರುವರ್ಷ ವಾರ್ಷಿಕ ವರದಿ ಹೋಗುವುದಿಲ್ಲ. ಇಮೇಲ್ ಬಂದರೆ ನೋಡುವವರಿಲ್ಲ. ಕೊನೆಗೊಂದು ದಿನ ಪ್ರತಿನಿಧಿಗಳ ಸಭೆಯಲ್ಲಿ ಆ ಚಾಪ್ಟರಿನ ಸನ್ನದು ಹಿಂತೆಗೆದುಕೊಳ್ಳುವ ನಿರ್ಣಯ ಬರುತ್ತದೆ, ಕೈ ಎತ್ತುತ್ತಾರೆ, ಮುಗಿಯಿತು. ಆ ಪಟ್ಟಿ ಓದುವಾಗ ನಾನು ಸಭೆಯಲ್ಲಿದ್ದೆ. ನೂರು ವರ್ಷ ಬಾಳಿದ ಚಾಪ್ಟರಿನ ಹೆಸರು ಓದುವುದಕ್ಕೆ ಎರಡು ಸೆಕೆಂಡು ಸಾಕು.

ನನ್ನದೇ ಅನುಭವ ಹೇಳುತ್ತೇನೆ, ಸಂಸ್ಥೆಯ ಹೆಸರು ಬೇಡ. ನಾನು ಖಜಾಂಚಿ ಆದ ದಿನ ನನಗೆ ಹಸ್ತಾಂತರವಾದದ್ದು ಒಂದು ಶೂ ಡಬ್ಬಿ. ಒಳಗೆ ಚೆಕ್ ಪುಸ್ತಕ, ರಬ್ಬರ್ ಬ್ಯಾಂಡ್ ಹಾಕಿದ ರಸೀದಿಗಳು, ಸದಸ್ಯರಿಗೆ ಕೊಟ್ಟು ಉಳಿದ ಏಳು ಲೋಹದ ಪಿನ್ನುಗಳು, ಅರ್ಧ ಕರಗಿದ ಒಂದು ಪೆಪ್ಪರ್‌ಮಿಂಟು. ಬ್ಯಾಂಕಿಗೆ ಹೋದರೆ ಖಾತೆಯಲ್ಲಿ ಸಹಿ ಇದ್ದದ್ದು ಫ್ಲಾರಿಡಾಕ್ಕೆ ಹೋಗಿ ನೆಲೆಸಿದ್ದ ನಿವೃತ್ತ ಪ್ರೊಫೆಸರರದ್ದು. ಅವರನ್ನು ಹುಡುಕಿ, ಕಾಗದ ಕಳಿಸಿ, ಸಹಿ ತರಿಸಿ, ಖಾತೆ ನನ್ನ ಹೆಸರಿಗೆ ಬರುವಷ್ಟರಲ್ಲಿ ಸೆಮಿಸ್ಟರ್ ಮುಗಿದಿತ್ತು. ಆ ವಸಂತದ ಸಮಾರಂಭಕ್ಕೆ ಪಿಜ್ಜಾ ತರಿಸಿದ ಹಣ ನನ್ನ ಜೇಬಿನದು. ಹೊಸ ಸದಸ್ಯರ ಪುಸ್ತಕ ಕಪಾಟಿನ ಮೇಲೆ ಸಿಕ್ಕಿತು. ದೂಳು ಒರೆಸಿ ತೆರೆದರೆ ಮೊದಲ ಪುಟಗಳಲ್ಲಿ ಶಾಯಿಪೆನ್ನಿನ ಅಚ್ಚುಕಟ್ಟಾದ ಸಹಿಗಳು, ಕೊನೆಯ ಪುಟದಲ್ಲಿ ಆರು ವರ್ಷದ ಹಿಂದಿನ ತಾರೀಖು. ಮುಂದೆಲ್ಲ ಖಾಲಿ.

ವಲಯದ ಡೈರೆಕ್ಟರ್ ಆದರೆ ಇಂಥ ಶೂ ಡಬ್ಬಿಗಳು ಹತ್ತಾರು ನಿಮ್ಮ ಪಾಲಿಗೆ. ಅದಕ್ಕೇ ಹೇಳಿದ್ದು ಮೊದಲು ಅಸೋಸಿಯೇಟ್ ಡೈರೆಕ್ಟರ್ ಆಗಿ ಎಂದು. ಆ ಹುದ್ದೆಯಲ್ಲಿ ಡೈರೆಕ್ಟರ್ ಜೊತೆ ಚಾಪ್ಟರುಗಳನ್ನು ವಿಚಾರಿಸಿಕೊಳ್ಳುತ್ತೀರಿ, ಯಾರು ಉತ್ತರಿಸುತ್ತಾರೆ ಯಾರು ಇಲ್ಲ ಎಂದು ತಿಳಿಯುತ್ತದೆ; ಮಂಡಳಿಯ ಬಜೆಟ್ ಜಗಳಗಳು ಇನ್ನೂ ನಿಮ್ಮ ತಲೆಗೆ ಬರುವುದಿಲ್ಲ. ಮನೆ ಗೆದ್ದು ಮಾರು ಗೆಲ್ಲು ಎನ್ನುತ್ತಾರಲ್ಲ. ನಿಮ್ಮ ಚಾಪ್ಟರ್ ಎಂಬ ಮನೆ ಗೆದ್ದಿದ್ದೀರಿ, ಮಾರು ದೂರದ ಪಕ್ಕದ ನಾಲ್ಕು ಮನೆ ನೋಡಿಕೊಂಡು ಬನ್ನಿ. ಊರು ಆಮೇಲೆ. ಇನ್ನೂ ಒಂದು ದಾರಿ ಇದೆ, ಯಾರೂ ಅದಕ್ಕೆ ಮುಗಿಬೀಳುವುದಿಲ್ಲ: ಅಭ್ಯರ್ಥಿಗಳನ್ನು ಹುಡುಕುವ ನಾಮನಿರ್ದೇಶನ ಸಮಿತಿ. ಅಲ್ಲಿ ಒಂದು ಅವಧಿ ಕೂತರೆ, ಎಂಥವರನ್ನು ಒಪ್ಪುತ್ತಾರೆ ಎಂಥವರನ್ನು ಪಕ್ಕಕ್ಕಿಡುತ್ತಾರೆ ಎಂದು ಮೇಜಿನ ಆ ಕಡೆಯಿಂದ ಕಾಣುತ್ತದೆ.

ಈಗ ಬಡ್ತಿ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಅಧ್ಯಾಪಕರ ಕೆಲಸವನ್ನು ಸಂಶೋಧನೆ, ಬೋಧನೆ, ಸರ್ವಿಸ್ (ಸಮಿತಿ, ಸಂಘಗಳ ಕೆಲಸ) ಎಂದು ಮೂರು ಪಾಲು ಮಾಡುತ್ತಾರೆ. 40-40-20 ಎಂಬುದು ಎಲ್ಲರ ಬಾಯಲ್ಲಿರುವ ಲೆಕ್ಕ. ಕಾಗದದಲ್ಲಿ ಇಪ್ಪತ್ತಾದರೂ ಬಡ್ತಿಯ ಸಮಿತಿ ಕೂತಾಗ ಸರ್ವಿಸ್‌ಗೆ ಅಷ್ಟು ತೂಕ ಇರುವುದಿಲ್ಲ. ಯಾವ ಸಮಿತಿಯಲ್ಲೂ ‘ಇವರ ಪ್ರಬಂಧಗಳು ಸ್ವಲ್ಪ ಕಡಿಮೆ, ಆದರೆ ಗೌರವ ಸಂಘದಲ್ಲಿ ಬಹಳ ದುಡಿದಿದ್ದಾರೆ, ಕೊಟ್ಟುಬಿಡೋಣ’ ಎಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಆದರೆ ಫುಲ್ ಪ್ರೊಫೆಸರ್ ಎನ್ನುವುದಕ್ಕೆ ಒಂದು ವಿಶೇಷ ಇದೆ: ನಿಮ್ಮ ಹೆಸರು ನಿಮ್ಮ ಕ್ಯಾಂಪಸ್ಸಿನ ಹೊರಗೆ ಗೊತ್ತಿದೆಯೇ ಎಂದು ಕೇಳುತ್ತಾರೆ. ಆ ಪ್ರಶ್ನೆ ಬಂದಾಗ ರಾಷ್ಟ್ರ ಮಟ್ಟದ ಚುನಾಯಿತ ಹುದ್ದೆ ಒಂದು ಗಟ್ಟಿ ಸಾಲು. ಹೊರಗಿನಿಂದ ಅಭಿಪ್ರಾಯ ಪತ್ರ ಬರೆಯುವವರು ನಿಮ್ಮ ಕೊಳೆರೋಗದ ಕೆಲಸದ ಬಗ್ಗೆ ಎರಡು ಪುಟ ಬರೆದು, ಕೊನೆಯಲ್ಲಿ ಆ ಸಾಲನ್ನು ಸೇರಿಸುತ್ತಾರೆ. ಅಷ್ಟೇ. ಒಂದು ಸಾಲು ಎಂದು ಮೊದಲೇ ಹೇಳಿದ್ದು ಇದನ್ನೇ.

ನನಗೆ ನಿಜವಾಗಿ ಯೋಚನೆ ಆಗುವುದು ಬೇರೆ ವಿಷಯಕ್ಕೆ. ಟೆನ್ಯೂರ್ ಆದ ಮೇಲೆ, ಅದರಲ್ಲೂ ಹೆಂಗಸರಿಗೆ, ಅದರಲ್ಲೂ ನಮ್ಮಂಥ ಹೊರಗಿನಿಂದ ಬಂದವರಿಗೆ, ಕಮಿಟಿಗಳು ಮಳೆಗಾಲದ ಜಿಗಣೆ ಹಾಗೆ ಹತ್ತುತ್ತವೆ. ಒಂದನ್ನು ಕಿತ್ತರೆ ಇನ್ನೊಂದು. ‘ಸಮಿತಿಯಲ್ಲಿ ಒಬ್ಬ ಮಹಿಳೆ ಇರಲಿ’, ‘ಅಂತಾರಾಷ್ಟ್ರೀಯ ವಿದ್ಯಾರ್ಥಿಗಳ ಪರವಾಗಿ ಒಬ್ಬರು ಇರಲಿ’, ಎರಡಕ್ಕೂ ನೀವೇ. ನಿಮ್ಮ ಪತ್ರದಲ್ಲಿ ಹೇಳಿಲ್ಲ, ಆದರೂ ಪಂಥ ಕಟ್ಟುತ್ತೇನೆ: ಈಗಾಗಲೇ ನೀವು ಕನಿಷ್ಠ ಮೂರು ಕಮಿಟಿಗಳಲ್ಲಿದ್ದೀರಿ. ಹಾಗಿರುವಾಗ ಇದನ್ನು ನಾಲ್ಕನೆಯದಾಗಿ ತಗೊಳ್ಳಬೇಡಿ. ನಾಮಪತ್ರ ಹಾಕುವ ಮೊದಲು ವಿಭಾಗದ ಮುಖ್ಯಸ್ಥರ ಹತ್ತಿರ ಹೋಗಿ, ‘ಈ ಹುದ್ದೆಗೆ ಆರಿಸಿಬಂದರೆ ವಿಭಾಗಕ್ಕೂ ಹೆಸರು, ಅದರ ಬದಲು ಸೆಮಿನಾರ್ ಕಮಿಟಿಯಿಂದ ನನ್ನನ್ನು ಬಿಡಿಸಿ’ ಎಂದು ಕೇಳಿ. ಮುಖ್ಯಸ್ಥರು ತಲೆ ಆಡಿಸಿದರೆ ಸಾಲದು. ಅದೇ ಸಂಜೆ ‘ಇವತ್ತು ಮಾತಾಡಿದಂತೆ’ ಎಂದು ಶುರು ಮಾಡಿ ಒಂದು ಇಮೇಲ್ ಹಾಕಿ. ಮುಖ್ಯಸ್ಥರು ಬದಲಾಗುತ್ತಾರೆ, ಇಮೇಲ್ ಉಳಿಯುತ್ತದೆ. ಅವರು ಒಪ್ಪದಿದ್ದರೆ? ಆಗ ನಿಲ್ಲಬೇಡಿ. ಬಡ್ತಿ ಮುಗಿಸಿಕೊಂಡು ಬನ್ನಿ, ಸಂಘ ಎಲ್ಲಿಗೂ ಓಡಿಹೋಗುವುದಿಲ್ಲ. ಯಜಮಾನರ ಗಾದೆಗೂ ಇದೇ ಉತ್ತರ. ಮನೆಗೆ ಮಾರಿ ಆಗುವುದು ಒಂದರ ಮೇಲೊಂದು ಹೇರಿಕೊಂಡಾಗ ಮಾತ್ರ.

ನಾಚಿಕೆಯ ವಿಷಯ. ನಿಮ್ಮ ಸಂಕೋಚ ನನಗೆ ಚೆನ್ನಾಗಿ ಅರ್ಥವಾಗುತ್ತದೆ, ನಾನೂ ಅದೇ ಮಣ್ಣಿನವನು. ‘ತನ್ನನ್ನು ತಾನೇ ಹೊಗಳಿಕೊಳ್ಳುವವನು’ ಎನ್ನುವುದು ನಮ್ಮಲ್ಲಿ ಬೈಗುಳ. ಆದರೆ ನಿಮ್ಮೂರ ಮದುವೆ ಮನೆ ನೆನಪಿಸಿಕೊಳ್ಳಿ. ಮೊದಲ ಪಂಕ್ತಿಯಲ್ಲಿ ಎಲೆ ಮುಂದೆ ಕೂರುವುದಕ್ಕೆ ನಾಮುಂದು ತಾಮುಂದು ಎಂದು ನುಗ್ಗಿದರೆ ನೋಡಿದವರು ನಗುತ್ತಾರೆ. ಅದೇ ಅಡುಗೆಮನೆ ಬಾಗಿಲಲ್ಲಿ ನಿಂತು ಯಾರಾದರೂ ‘ಸಾರು ಬಡಿಸೋಕೆ ಯಾರು ಬರ್ತೀರಿ?’ ಎಂದು ಕೂಗಿದಾಗ, ಪಂಚೆ ಎತ್ತಿ ಕಟ್ಟಿ ‘ನಾನು ಬರ್ತೀನಿ’ ಎಂದು ಬಕೆಟ್ಟಿಗೆ ಕೈ ಹಾಕುವವನನ್ನು ಯಾರೂ ಆಡಿಕೊಳ್ಳುವುದಿಲ್ಲ. ನೀವು ಹೆಸರು ಕೊಡುತ್ತಿರುವುದು ಬಡಿಸುವವರ ಸಾಲಿಗೆ. ಇದು ನಿಮಗೆ ಹೌದೆನಿಸಿದರೆ ನಾಚಿಕೆ ಹೋಗುತ್ತದೆ. ಹೌದೆನಿಸದೆ, ಒಳಗೊಳಗೆ ಎಲೆಯ ಮೇಲೇ ಕಣ್ಣಿದ್ದರೆ, ಆ ನಾಚಿಕೆ ಸರಿಯಾಗಿಯೇ ಇದೆ, ಅದರ ಮಾತು ಕೇಳಿ.

ಕರಡಿನ ವಿಷಯಕ್ಕೆ ಬರುತ್ತೇನೆ. ಬೇಸರ ಮಾಡಿಕೊಳ್ಳಬೇಡಿ. ನೀವು ಬರೆದದ್ದರ ಸಾರ ಕನ್ನಡದಲ್ಲಿ ಹೀಗಿದೆ: ‘ನಾನು ಸಹಯೋಗ, ನಾವೀನ್ಯ ಮತ್ತು ಉತ್ಕೃಷ್ಟತೆಗೆ ಬದ್ಧಳಾಗಿದ್ದೇನೆ. ನನ್ನ ವೃತ್ತಿಜೀವನದುದ್ದಕ್ಕೂ ಯುವ ವಿಜ್ಞಾನಿಗಳಿಗೆ ಮಾರ್ಗದರ್ಶನ ನೀಡುತ್ತಾ ಬಂದಿದ್ದೇನೆ. ಅವಕಾಶ ದೊರೆತರೆ ವಲಯದ ಚಾಪ್ಟರುಗಳನ್ನು ಬಲಪಡಿಸಲು ಶ್ರಮಿಸುತ್ತೇನೆ.’ ಇದರ ಕೆಳಗೆ ಪ್ರಬಂಧಗಳ ಪಟ್ಟಿ, ಗ್ರ್ಯಾಂಟುಗಳ ಮೊತ್ತ.

ಇದರಲ್ಲಿ ಸುಳ್ಳು ಒಂದೂ ಇಲ್ಲ. ಆದರೆ ನಿಮ್ಮ ಹೆಸರು ತೆಗೆದು ನನ್ನ ಹೆಸರು ಹಾಕಿದರೂ ಇದು ನಿಲ್ಲುತ್ತದೆ, ಎದುರಾಳಿಯ ಹೆಸರು ಹಾಕಿದರೂ ನಿಲ್ಲುತ್ತದೆ. ಓದುವವರು ಯಾರು ಎಂದು ಯೋಚಿಸಿ. ನಿಮ್ಮಂತೆಯೇ ಸಂಜೆ ಆರಕ್ಕೆ ಲ್ಯಾಬ್ ಮುಗಿಸಿ ಚಾಪ್ಟರಿನ ವರದಿ ತುಂಬುತ್ತಾ ಕೂತವರು. ಅವರು ನಿಮ್ಮ ಪ್ರಬಂಧಗಳ ಎಣಿಕೆಗೆ ಬೆರಗಾಗುವವರಲ್ಲ, ಅವರಿಗೂ ಅಷ್ಟೇ ಇವೆ. ‘ಈಕೆಗೆ ನಮ್ಮ ಕಷ್ಟ ಗೊತ್ತಿದೆಯೇ, ಇಮೇಲ್ ಬರೆದರೆ ಉತ್ತರ ಕೊಡುತ್ತಾಳೆಯೇ’ ಎನ್ನುವುದೇ ಅವರಿಗೆ ಬೇಕಾದದ್ದು. ನಾನು ಮೊದಲ ಸಲ ಸೋತದ್ದು ಇದೇ ತಪ್ಪಿಗೆ; ಸ್ಟೇಟ್‌ಮೆಂಟ್ ಎಂದು ಇಡೀ ಬಯೋಡೇಟಾ ಇಳಿಸಿದ್ದೆ. ಗೆದ್ದವರು ಪದವಿ ಕಾಲೇಜಿನ ಒಬ್ಬ ಅಧ್ಯಾಪಕರು. ಚಳಿಗಾಲದಲ್ಲಿ ಮೂರು ಕಾಲೇಜುಗಳ ವಿದ್ಯಾರ್ಥಿಗಳನ್ನು ಒಂದೇ ಬಸ್ಸಿನಲ್ಲಿ ಪೋಸ್ಟರ್ ಸ್ಪರ್ಧೆಗೆ ಕರೆದೊಯ್ದ ಕಥೆಯನ್ನು ಎಂಟು ಸಾಲಿನಲ್ಲಿ ಬರೆದಿದ್ದರು. ಓದಿ ನಾನೇ ಅವರಿಗೆ ಮತ ಹಾಕಬಹುದಿತ್ತು ಅನ್ನಿಸಿತು.

ನೀವು ಪತ್ರದ ಕೊನೆಯಲ್ಲಿ (ಮೇಲೆ ಅದನ್ನು ಬಿಟ್ಟಿದೆ), ಲೆಕ್ಕಕ್ಕೇ ಇಲ್ಲ ಎಂಬಂತೆ, ಒಂದು ಮಾತು ಬರೆದಿದ್ದೀರಿ: ನೀವು ಕಾರ್ಯದರ್ಶಿ ಆದ ವರ್ಷ ಹೊಸ ಸದಸ್ಯರು ನಾಲ್ಕೇ ಜನ, ಈ ವಸಂತಕ್ಕೆ ಇಪ್ಪತ್ತಮೂರು. ಹೇಗಾಯಿತು ಎಂದರೆ, ಪ್ರತಿ ವಿಭಾಗದ ಆಫೀಸಿಗೂ ಹೋಗಿ ಅಲ್ಲಿನ ಗುಮಾಸ್ತೆಯಿಂದ ಆ ವರ್ಷ ಪ್ರಬಂಧ ಪ್ರಕಟಿಸಿದ ವಿದ್ಯಾರ್ಥಿಗಳ ಹೆಸರು ಬರೆಸಿಕೊಂಡು ಬಂದಿರಿ. ಅಮ್ಮಾ, ನಿಮ್ಮ ಸ್ಟೇಟ್‌ಮೆಂಟ್ ಇಲ್ಲಿದೆ! ಇದನ್ನು ಬಿಟ್ಟು ಉತ್ಕೃಷ್ಟತೆ ಎಂದು ಯಾಕೆ ಹೊರಟಿರಿ? ಹೀಗೆ ಶುರು ಮಾಡಿ:

‘ಎರಡು ವರ್ಷದ ಹಿಂದೆ ನಮ್ಮ ಚಾಪ್ಟರಿಗೆ ಸೇರಿದವರು ನಾಲ್ವರು. ಈ ವರ್ಷ ಇಪ್ಪತ್ತಮೂರು ಜನ. ನಡುವೆ ಮಾಡಿದ ಕೆಲಸ ಒಂದೇ: ನಾನು ವಿಭಾಗಗಳಿಗೆ ಇಮೇಲ್ ಕಳಿಸುವುದು ಬಿಟ್ಟು ನಡೆದುಕೊಂಡು ಹೋದೆ. ಆರಿಸಿಬಂದರೆ ಮೊದಲ ವರ್ಷ ನಮ್ಮ ವಲಯದಲ್ಲಿ ವರದಿ ಕಳಿಸದ ಪ್ರತಿ ಚಾಪ್ಟರಿಗೂ ಫೋನ್ ಮಾಡುತ್ತೇನೆ.’

ಇಷ್ಟಕ್ಕೆ ಇನ್ನು ನಾಲ್ಕೈದು ಸಾಲು ಸೇರಿಸಿ. ಏನು ಸೇರಿಸುವುದು? ಒಂದೇ ಒಂದು ಕೆಲಸ ಹೇಳಿ, ಮೂರು ಹೇಳಬೇಡಿ. ನಿಮ್ಮ ಜಾಗದಲ್ಲಿ ನಾನಿದ್ದರೆ ವಿದ್ಯಾರ್ಥಿಗಳ ಸಹಾಯಧನವನ್ನು ಹಿಡಿಯುತ್ತಿದ್ದೆ. ಸಿಗ್ಮಾ ಕ್ಸೈ 1922ರಿಂದ ವಿದ್ಯಾರ್ಥಿಗಳ ಸಂಶೋಧನೆಗೆ ಸಣ್ಣ ಸಣ್ಣ ಮೊತ್ತ ಕೊಡುತ್ತಾ ಬಂದಿದೆ. ದೊಡ್ಡ ಗ್ರ್ಯಾಂಟು ನೋಡಿದವರಿಗೆ ಅದು ಚಿಲ್ಲರೆ ಕಾಸು. ಆದರೆ ಹೊಲಕ್ಕೆ ಹೋಗಿ ಎಲೆ ಸಂಗ್ರಹಿಸಲು ಪೆಟ್ರೋಲ್ ಖರ್ಚಿಗೆ ಕಾಯುತ್ತಿರುವ ಹುಡುಗನಿಗೆ ಅದೇ ಮೊದಲ ಗ್ರ್ಯಾಂಟು, ಬಯೋಡೇಟಾದಲ್ಲಿ ಮೊದಲ ಸಾಲು. ಮಲಗಿದ ಚಾಪ್ಟರ್ ಇರುವ ಕ್ಯಾಂಪಸ್ಸಿನ ಮಕ್ಕಳಿಗೆ ಇದು ಇದೆ ಎನ್ನುವುದನ್ನು ಹೇಳುವವರೇ ಇಲ್ಲ. ವಲಯದಿಂದ ಒಬ್ಬರು ವರ್ಷಕ್ಕೊಮ್ಮೆ ಆನ್‌ಲೈನಿನಲ್ಲಿ ಒಂದು ತಾಸು ಕೂತು ಅರ್ಜಿ ಹೇಗೆ ಬರೆಯುವುದು ಎಂದು ತೋರಿಸಿದರೆ ಸಾಕು. ಭಾರತದಿಂದ ಬಂದ ಮಕ್ಕಳು ಸರ್ಕಾರಿ ಫೆಲೋಶಿಪ್ ಎಷ್ಟಕ್ಕೋ ಅರ್ಹರಲ್ಲ ಎಂದು ಕೈಚೆಲ್ಲಿ ಕೂತಿರುತ್ತಾರೆ. ನಿಮ್ಮ ಲ್ಯಾಬಿನಲ್ಲೂ ಅಂಥವರು ಇರಬೇಕು. ಇದನ್ನು ನಿಮಗಿಂತ ಚೆನ್ನಾಗಿ ಯಾರು ಹೇಳುತ್ತಾರೆ?

ಅದು ಬೇಡವಾದರೆ ಉಪನ್ಯಾಸಗಳು. 1937ರಿಂದ ನಡೆಯುತ್ತಿರುವ ವಿಶಿಷ್ಟ ಉಪನ್ಯಾಸಕರ ಯೋಜನೆ ಇದೆ, ಒಳ್ಳೆಯ ವಿಜ್ಞಾನಿಗಳು ಚಾಪ್ಟರುಗಳಿಗೆ ಬಂದು ಮಾತಾಡುತ್ತಾರೆ. ಒಬ್ಬರನ್ನು ಕರೆಸುವ ಖರ್ಚು ಒಂದು ಸಣ್ಣ ಚಾಪ್ಟರಿಗೆ ಭಾರ. ಒಂದೇ ಹೆದ್ದಾರಿಯ ಮೇಲಿರುವ ಮೂರು ಚಾಪ್ಟರು ಸೇರಿ ಕರೆಸಿ, ಸೋಮವಾರ ಇಲ್ಲಿ, ಮಂಗಳವಾರ ಅಲ್ಲಿ ಎಂದು ಹಂಚಿಕೊಂಡರೆ ಎಲ್ಲರಿಗೂ ನಿಲುಕುತ್ತದೆ. ನಮ್ಮ ಕಡೆ ಮೇಳದ ಯಕ್ಷಗಾನ ಊರಿಂದೂರಿಗೆ ಹೋಗುವುದು ಹೀಗೇ ಅಲ್ಲವೇ.

ಪ್ರಚಾರದ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಗೊತ್ತಿರುವ ಐದಾರು ಚಾಪ್ಟರಿನವರಿಗೆ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಬರೆಯಿರಿ, ಅವರ ಚಾಪ್ಟರಿನಲ್ಲಿ ಏನು ನಡೆಯುತ್ತಿದೆ ಎಂದು ಕೇಳಿ. ಅಷ್ಟು ಸಾಕು. ಒಟ್ಟಿಗೆ ಇನ್ನೂರು ಜನಕ್ಕೆ ಇಮೇಲ್ ಬೇಡ. ನಿಮ್ಮ ವಿಶ್ವವಿದ್ಯಾಲಯದ ಲೆಟರ್‌ಹೆಡ್ ಬಳಸಬೇಡಿ. ಕನ್ನಡ ಕೂಟದ ಗೆಳೆಯರಲ್ಲಿ ಸದಸ್ಯರಾದವರು ಇದ್ದರೆ ಖುಷಿಯಿಂದ ತಿಳಿಸಿ, ಆದರೆ ‘ನಮ್ಮವರು’ ಎಂದು ಓಟು ಕೇಳುವುದು ಕೂಟದ ಚುನಾವಣೆಗೇ ಇರಲಿ. ಅಲ್ಲಿಯೂ ಅದು ಏನೇನು ಮಾಡಿದೆ ಎಂದು ನಾವಿಬ್ಬರೂ ನೋಡಿದ್ದೇವೆ.

ಒಂದು ಪ್ರಶ್ನೆ ನೀವು ಕೇಳಲಿಲ್ಲ, ಆದರೆ ನಿಮ್ಮ ಹಿರಿಯ ಸಹೋದ್ಯೋಗಿ ಯಾಕೆ ಬೆನ್ನು ಹತ್ತಿದ್ದಾರೆ ಎಂದು ಯೋಚಿಸಿದ್ದೀರಾ? ಎರಡು ಸಾಧ್ಯತೆ. ನಿಮ್ಮ ಕೆಲಸ ನೋಡಿ ನಿಜವಾಗಿ ಮೆಚ್ಚಿರಬಹುದು. ಇಲ್ಲವೇ, ಯಾರೋ ಒಬ್ಬರ ಹೆಸರು ಕೊಡಲೇಬೇಕು ಎಂದು ಮೇಲಿನಿಂದ ಅವರಿಗೆ ಫೋನ್ ಬಂದಿರಬಹುದು, ತಮ್ಮ ಬದಲು ನಿಮ್ಮನ್ನು ಮುಂದೆ ತಳ್ಳುತ್ತಿರಬಹುದು. ನೇರವಾಗಿ ಕೇಳಿ: ‘ನಾನು ಆರಿಸಿಬಂದರೆ ಚಾಪ್ಟರಿನ ಕಾರ್ಯದರ್ಶಿ ಕೆಲಸ ಯಾರು ತಗೊಳ್ಳುತ್ತಾರೆ?’ ಅವರು ‘ನಾನು ನೋಡ್ಕೋತೀನಿ’ ಎಂದರೆ ಮೊದಲನೆಯದು. ‘ಆಮೇಲೆ ನೋಡೋಣ’ ಎಂದರೆ ಎರಡನೆಯದು. ಎರಡನೆಯದೇ ಆದರೂ ನೀವು ನಿಲ್ಲಬಹುದು, ಆದರೆ ಮೊದಲು ನಿಮ್ಮ ಜಾಗಕ್ಕೆ ಒಬ್ಬರನ್ನು ಸಿದ್ಧ ಮಾಡಿ. ಪಕ್ಕದವರ ಚಾಪ್ಟರು ಎಬ್ಬಿಸಲು ಹೋಗಿ ನಿಮ್ಮದೇ ಮಲಗಿತು ಎಂದಾಗಬಾರದು. ಆ ಇಪ್ಪತ್ತಮೂರು ಜನರಲ್ಲೇ ಒಬ್ಬರು ಸಿಗುತ್ತಾರೆ. ಸಮಾರಂಭದ ದಿನ ಕುರ್ಚಿಗಳನ್ನು ಮಡಚಿ ಗೋಡೆಗೆ ಒರಗಿಸಲು ಯಾರು ಉಳಿದಿದ್ದರು ಎಂದು ನೆನಪಿಸಿಕೊಳ್ಳಿ, ಅವರನ್ನು ಕೇಳಿ.

ಕೊನೆಗೆ ಒಂದು ಸಣ್ಣ ಕೆಲಸ, ಇವತ್ತೇ ಮಾಡಿ. ಸದಸ್ಯತ್ವದ ವಾರ್ಷಿಕ ಚಂದಾ ಕಟ್ಟಿದ್ದೀರಾ ನೋಡಿ. ಸಕ್ರಿಯ ಸದಸ್ಯರಲ್ಲದವರು ನಿಲ್ಲುವ ಹಾಗಿಲ್ಲ. ನಾನು ಮೊದಲ ಸಲ ಹೆಸರು ಕೊಟ್ಟಾಗ, ಚಾಪ್ಟರಿನ ಖಜಾಂಚಿಯಾಗಿ ಎಲ್ಲರ ಬಾಕಿ ವಸೂಲಿ ಮಾಡುತ್ತಾ ತಿರುಗುತ್ತಿದ್ದವನು, ನನ್ನದೇ ಚಂದಾ ಹದಿನಾಲ್ಕು ತಿಂಗಳಿಂದ ಬಾಕಿ ಇತ್ತು.